ಕತ್ತರಿ ಅಕ್ಕ ಕೊಟ್ಟ ರಕ್ತ

ಅಪ್ಪನಿಗೆ ಕೈ ನಡುಕ ಬಂದಾಗ ಕ್ಷೌರದಂಗಡಿ ಮಗಳ ಪಾಲಿಗೆ ಬಂತು. ಹೆಣ್ಣು ಗಂಡಸರ ಗಡ್ಡ ಹೆರೆಯುವುದೇ ಎಂದು ಮೂಗು ಮುರಿದವರೇ ಆಮೇಲೆ ಬಂದು ಬೆಂಚಿನ ಮೇಲೆ ಕಾದರು, ಅವಳಿಗೆ ಕತ್ತರಿ ಅಕ್ಕ ಎಂದು ಹೆಸರನ್ನೂ ಇಟ್ಟರು. ಈಗ ತಮ್ಮನಿಗೂ ನಡುಕ ಹತ್ತಿತ್ತು. ಅವನು ಕತ್ತರಿ ಬಿಟ್ಟು ಪೊರಕೆ ಹಿಡಿದಿದ್ದ.

ಇದು ವಂಶದ ಕಾಯಿಲೆ, ರಕ್ತ ಕೊಟ್ಟರೆ ಔಷಧಿ ಹುಡುಕುತ್ತೇವೆ ಎಂದು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದಾಗ ಇಬ್ಬರೂ ತೋಳು ಚಾಚಿದ್ದರು. ಕಾಯಿಲೆ ಅಕ್ಕನ ರಕ್ತದಲ್ಲೂ ಇದೆಯೆಂದು ಆಗ ತಿಳಿಯಿತು. ಅದನ್ನು ಅವಳು ತಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ನಾಳೆ ನಡುಗುವ ಕೈಗೆ ಇವತ್ತೇ ಯಾರು ಕತ್ತು ಕೊಡುತ್ತಾರೆ?

ಒಂದು ಮಧ್ಯಾಹ್ನ ಡಾಕ್ಟರಮ್ಮ ಅಂಗಡಿಗೇ ಬಂದರು. ಆ ರಕ್ತದಿಂದ ತಿಳಿದದ್ದನ್ನು ಇನ್ನು ವಿಮಾ ಕಂಪನಿಗೂ ಕೊಡುತ್ತಾರಂತೆ, ಅದಕ್ಕೆ ಅವಳ ಸಹಿ ಬೇಕಂತೆ.

"ಹೆಸರು ಇರಲ್ಲಮ್ಮ. ಊರು, ಕಸುಬು, ವಯಸ್ಸು, ಅಷ್ಟೇ."

"ಈ ಊರಲ್ಲಿ ಗಡ್ಡ ಹೆರೆಯೋ ಹೆಂಗಸು ನಾನೊಬ್ಬಳೇ. ಇನ್ನು ಹೆಸರು ಬೇರೆ ಬೇಕಾ?"

ಕುರ್ಚಿಯಲ್ಲಿ ಕುಳಿತಿದ್ದ ಗಿರಾಕಿ ನೊರೆಯೊಳಗಿಂದ ನಕ್ಕ. "ನಗಬೇಡಿ ಮಾವ, ಕುಯ್ದೀತು" ಎಂದು ಗದರಿ, ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. "ಕಾಯಿಲೆ ಹುಡುಕೋ ಡಾಕ್ಟರು ಯಾವ ದೇಶದಲ್ಲಿದ್ರೂ ಕೊಡಿ. ಕಾಯಿಲೆ ನೋಡಿ ನನಗೆ ಬೆಲೆ ಕಟ್ಟೋ ಕಂಪನಿಗೆ ಬೇಡ."

"ಹಾಗೆ ಆರಿಸೋಕೆ ಆಗಲ್ಲ. ನೀವು ಒಪ್ಪದಿದ್ರೆ, ಒಂದೇ ವಂಶ ಅಂತ ನಿಮ್ಮಿಬ್ಬರ ರಕ್ತವನ್ನೂ ಸಂಶೋಧನೆಯಿಂದ ತೆಗೀತಾರೆ. ನಾಳೆ ನಿಮ್ಮ ಕೈಯೂ ನಡುಗುತ್ತಲ್ಲಮ್ಮ, ಆಗ?"

ಗುಟ್ಟು ಬಾಯಿ ತಪ್ಪಿ ಹೊರಬಿದ್ದಿತ್ತು. ಡಾಕ್ಟರಮ್ಮ ತುಟಿ ಕಚ್ಚಿಕೊಂಡರು. ಬೆಂಚಿನ ಮೇಲೆ ಕಾಯುತ್ತಿದ್ದವನು ಮೆಲ್ಲಗೆ ಎದ್ದು ಹೊರಟೇಹೋದ.

"ಅಕ್ಕ, ಸಹಿ ಹಾಕಿಬಿಡೇ. ಔಷಧಿ ಸಿಗಲಿ" ಎಂದ ತಮ್ಮ. ಪೊರಕೆ ಅವನ ಕೈಯಲ್ಲಿ ಅದುರುತ್ತಿತ್ತು.

ಕತ್ತರಿ ಅಕ್ಕ ಕತ್ತಿ ಕೆಳಗಿಟ್ಟಳು. "ಕೇಳಿಸ್ತಲ್ಲ ಮಾವ? ನಡುಕ ನನಗೂ ಬರುತ್ತೆ, ಇನ್ನೂ ಬಂದಿಲ್ಲ. ಏಳೋದಾದ್ರೆ ಟವೆಲ್ ಅಲ್ಲಿದೆ."

"ಅರ್ಧ ಗಡ್ಡ ಇಟ್ಕೊಂಡು ಎಲ್ಲಿಗೆ ಹೋಗಲಮ್ಮ?" ಎಂದ ಗಿರಾಕಿ. ಆದರೆ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದ.

"ಡಾಕ್ಟರಮ್ಮ, ರಕ್ತ ವಾಪಸ್ ತಗೊಳ್ಳಲ್ಲ, ಸಹೀನೂ ಹಾಕಲ್ಲ. ಔಷಧಿ ಹುಡುಕೋಕೆ ಕೊಟ್ಟಿದ್ದು, ಹುಡುಕಿ. ನನ್ನ ತಮ್ಮನ್ನ ತೆಗೆದು ಹಾಕಿದ್ರೋ, ನಿಮ್ಮ ಆಸ್ಪತ್ರೆ ಬಾಗಿಲಲ್ಲೇ ನಿಂತು, ರಕ್ತ ಕೊಡೋಕೆ ಬರೋ ಒಬ್ಬೊಬ್ಬರಿಗೂ ಯಾಕೆ ತೆಗೆದ್ರಿ ಅಂತ ಹೇಳ್ತೀನಿ. ಮುಚ್ಚಿಡೋಕೆ ಈಗ ನನ್ನ ಹತ್ರ ಏನೂ ಉಳಿದಿಲ್ಲ."

"ಮೇಲಿನವರಿಗೆ ಏನು ಹೇಳಲಿ?"

"ಇದನ್ನೇ ಹೇಳಿ."

ಡಾಕ್ಟರಮ್ಮ ಸಹಿಯಿಲ್ಲದ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಕತ್ತರಿ ಅಕ್ಕ ಗಿರಾಕಿಯ ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದಳು.