ಕೊಬ್ಬಿಳಿಸುವ ಮಾತ್ರೆಗೆ ತುಪ್ಪ

ನಮ್ಮ ನಾಯಿ ಕರಿಯನಿಗೆ ಕೊಲೆಸ್ಟ್ರಾಲ್! ನಗಬೇಡಿ. ನಾನು ನಕ್ಕು ಡಾಕ್ಟರಮ್ಮನ ಹತ್ತಿರ ಬೈಸಿಕೊಂಡಿದ್ದಾಗಿದೆ.

ದನದ ಆಸ್ಪತ್ರೆಯಲ್ಲಿ ಆಕೆ ಕರಿಯನ ರಕ್ತದ ಟ್ಯೂಬನ್ನು ಬೆಳಕಿಗೆ ಹಿಡಿದರು. ಕೆಳಗೆ ಕೆಂಪು, ಮೇಲೆ ಹಾಲಿನಂತೆ ಬೆಳ್ಳಗೆ.

“ನೋಡಿ ಅಜ್ಜಿ, ಇದೆಲ್ಲ ಕೊಬ್ಬು. ಹಿಂಗೇ ಬಿಟ್ರೆ ಹೊಟ್ಟೆಯೊಳಗೆ ಊತ ಬಂದು ನಾಯಿ ಉಳಿಯಲ್ಲ. ದಿನಾ ಮಾತ್ರೆ ಕೊಡಿ. ಜಿಡ್ಡು ಮುಟ್ಟಿಸ್ಬೇಡಿ.”

ಜಿಡ್ಡು ನಾನೆಲ್ಲಿ ಮುಟ್ಟಿಸಿದೆ? ಮುಟ್ಟಿಸಿದ್ದು ಶಿಡ್ಲಘಟ್ಟದ ನಮ್ಮ ಬೀದಿ. ಇಲ್ಲಿ ಎತ್ತ ನೋಡಿದರೂ ರೇಷ್ಮೆ ನೂಲು ತೆಗೆಯುವ ಶೆಡ್ಡು. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗಿನ ಬೆಂದ ಹುಳ ಎಣ್ಣೆಯೆಣ್ಣೆಯಾಗಿ ಉಳಿಯುತ್ತದೆ. ಕರಿಯ ಬೆಳಗಾದರೆ ಶೆಡ್ಡಿನಿಂದ ಶೆಡ್ಡಿಗೆ ಹೋಗಿ, ಬಾಲ ಅಲ್ಲಾಡಿಸಿ, ಹುಳ ಬಾರಿಸಿ, ಮಧ್ಯಾಹ್ನ ಡ್ರಮ್ಮಿನಂತೆ ಉರುಳಿಕೊಂಡು ಬರುತ್ತಿತ್ತು. (ಮುದ್ದೆ ಹಾಕಿದರೆ ಮೂಸಿಯೂ ನೋಡದು. ಸೊಕ್ಕು!)

ಸರಿ, ಮಾತ್ರೆ ಶುರು. (ಹೆಸರು ಕೇಳಬೇಡಿ. ನನ್ನ ಓದು ಎರಡನೇ ಕ್ಲಾಸಿಗೇ ಮುಗಿದಿದೆ.) ಬಾಯಿ ಬಿಡಿಸಿ ಹಾಕಿದೆ. ನನ್ನ ಸೆರಗಿಗೇ ಉಗಿಯಿತು.

“ಅತ್ತೆ, ವಸಿ ತುಪ್ಪ ಸವರಿ ನೋಡಿ,” ಎಂದಳು ಸೊಸೆ ಮಂಜುಳ. ಸವರಿದೆ. ಗುಳುಂ!

ಪಕ್ಕದ ಶೆಡ್ಡಿನ ಖಾದರ್ ಗೋಡೆ ಮೇಲಿಂದ ಇಣುಕಿದ. “ಅಮ್ಮಾ, ಮಾತ್ರೇನ ಹುಳದೊಳಗೆ ಚುಚ್ಚಿ ಕೊಡಿ. ನಿಮ್ ಬೆರಳೂ ಸೇರ್ಸಿ ನುಂಗ್ತಾನೆ!”

ಅದನ್ನೂ ಮಾಡಿದೆ. ಒಂದು ಹುಳ ಕೊಟ್ಟರೆ ಹಿಡಿ ಕೇಳಿತು. ಹಿಡಿಯೂ ಕೊಟ್ಟೆ. ಔಷಧಿ ಒಳಗೆ ಹೋಗಬೇಕಲ್ಲ?

ಮತ್ತೆ ಬ್ಲಡ್ ಟೆಸ್ಟ್. ಮೊದಲು ಹಾಲಿನಂತಿದ್ದದ್ದು ಈಗ ಕೆನೆಯಂತಾಗಿತ್ತು!

“ಮಾತ್ರೆ ತಪ್ಪಿಸಿದ್ರಾ?”

“ಒಂದು ದಿನಾನೂ ಇಲ್ಲ ಕಣಮ್ಮ. ತುಪ್ಪ ಸವರಿ, ಹುಳದಲ್ಲಿಟ್ಟು, ಮರ್ಯಾದೆಯಾಗಿ ಕೊಟ್ಟಿದ್ದೀನಿ.”

ಡಾಕ್ಟರಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮುಖ ಗಂಟು ಹಾಕಿದರು. “ಅಜ್ಜಿ, ಒಂದು ಕೈಲಿ ಬೆಂಕಿ ಆರಿಸಿ ಇನ್ನೊಂದು ಕೈಲಿ ಸೀಮೆಎಣ್ಣೆ ಸುರೀತಿದ್ದೀರಲ್ಲ! ನಾಯಿ ಬೇಕೋ ಬೇಡ್ವೋ?”

ಬೇಕು ಎಂದೆ. ಮುದ್ದಿಗಲ್ಲ. ನನ್ನ ಬೈಗುಳವನ್ನು ಎದುರು ಮಾತಾಡದೆ ಕೇಳುವುದು ಮನೆಯಲ್ಲಿ ಅದೊಂದೇ.

ಅಂದೇ ಕರಿಯನ ಕುತ್ತಿಗೆಗೆ ಹಗ್ಗ ಬಿತ್ತು. ಶೆಡ್ಡು ಶೆಡ್ಡಿಗೂ ಹೋಗಿ ಕೂಗಿದೆ: “ಇದಕ್ಕೆ ಹುಳ ಹಾಕಿದ್ರೆ ನಿಮ್ಮ ಬಾಯಿಗೆ ಮಾತ್ರೆ ತುರುಕ್ತೀನಿ!” ಬೇಯಿಸಿದ ಸಿಹಿಗುಂಬಳದಲ್ಲಿ ಮಾತ್ರೆ ಇಟ್ಟೆ. ಮುಖ ತಿರುಗಿಸಿತು. ನಾನೂ ತಿರುಗಿಸಿದೆ. ಹಸಿದ ಹೊಟ್ಟೆಗೆ ಸೊಕ್ಕೆಷ್ಟು ಹೊತ್ತು? ಸಂಜೆಗೆ ತಟ್ಟೆ ನೆಕ್ಕಿಟ್ಟಿತ್ತು.

ಮೊನ್ನೆ ಡಾಕ್ಟರಮ್ಮ ಮತ್ತೆ ಟ್ಯೂಬು ಎತ್ತಿ ತೋರಿಸಿದರು. ಮೇಲೆ ತಿಳಿನೀರು! ಮಂಜುಳ ಆಸ್ಪತ್ರೆಯಲ್ಲೇ ಶಿಳ್ಳೆ ಹೊಡೆದಳು. (ಇಂಥ ಸೊಸೆ ನಿಮಗಿದ್ದಾಳೆಯೇ?) “ಮಾತ್ರೆ ಮಾತ್ರ ನಿಲ್ಲಿಸ್ಬೇಡಿ ಅಜ್ಜಿ,” ಎಂದು ಕಳಿಸಿದರು.

ಆ ಖುಷಿಗೆ ಮನೆಯಲ್ಲಿ ಒಬ್ಬಟ್ಟು. ಕರಿಯನಿಗೆ ಕುಂಬಳಕಾಯಿ.

“ಅತ್ತೆ, ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ?” ಎಂದು ಮಂಜುಳ ಒಳಗಿನಿಂದ ಕೂಗಿದಳು. ಬಿಸಿ ಒಬ್ಬಟ್ಟಿಗೆ ತುಪ್ಪ ಸುರಿದು, ನಡುವೆ ಮಾತ್ರೆ ಮಡಿಚಿ ಬಾಯಿಗಿಟ್ಟುಕೊಂಡೆ. ಕರಿಯ ಹಗ್ಗದ ತುದಿಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.

ಸದ್ಯ, ಡಾಕ್ಟರಮ್ಮನಿಗೆ ಹೇಳೋಣವೆಂದರೆ ಅದಕ್ಕೆ ಮಾತು ಬರುವುದಿಲ್ಲ.