ಗಿರಿಜತ್ತೆಯ ಮಿಷನ್ನು, ದೊಡ್ಡಪ್ಪನ ಟ್ಯೂನು

ಹಳೆಯ ಗೇಮ್ ಮಿಷನ್ನಿಗೆ ಇಯರ್‌ಫೋನ್ ಚುಚ್ಚಿ ಸ್ವಿಚ್ ಒತ್ತಿದ ಕೂಡಲೇ ಹಾಡು ಬರುವುದಿಲ್ಲ. ಮೊದಲು ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಒಂದು ಸಣ್ಣ 'ಸ್ಸ್' ಬರುತ್ತದೆ, ಅದರ ಹಿಂದಿನಿಂದ ಹಾಡು ಏಳುತ್ತದೆ. ಸಾಗರದ ನನ್ನ ರಿಪೇರಿ ಅಂಗಡಿಗೆ ಈಗ ಇಂಥ ಮಿಷನ್ನುಗಳು ಮತ್ತೆ ಬರತೊಡಗಿವೆ. ತಾವು ಹುಟ್ಟುವ ಮೊದಲೇ ತಯಾರಿ ನಿಂತುಹೋದ ಸಾಮಾನನ್ನು ಹುಡುಕಿ ತರುವ ಹುಡುಗರು, "ಅಣ್ಣಾ, ಇದು ಮೊದಲ್ನೇ ಬೋರ್ಡಾ, ಆಮೇಲಿಂದಾ?" ಎಂದು ಕೇಳುತ್ತಾರೆ. ನಾನು ಮುಚ್ಚಳ ಬಿಚ್ಚುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ಆ 'ಸ್ಸ್' ಕೇಳಿ ಹೇಳುತ್ತೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸ್ವಂತ ದುಡಿಮೆಯಲ್ಲಿ ಈ ಅಂಗಡಿ ಹಾಕಿದ್ದೇನೆ, ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಆದರೆ ಕಿವಿಯ ಈ ವಿದ್ಯೆ ಮಾತ್ರ ನನ್ನ ಸ್ವಂತದ್ದಲ್ಲ. ಅದು ಹೊಸನಗರದ ನಮ್ಮ ಬ್ಯಾಂಡ್ ಮನೆಯಿಂದ ಬಂದದ್ದು. ಆ ಮನೆ ಈಗ ಇಲ್ಲ. ಅದು ಇದ್ದ ಜಾಗದಲ್ಲಿ ರಸ್ತೆ ಅಗಲವಾಗಿದೆ, ಬಸ್ಸುಗಳು ಅದರ ಮೇಲೇ ತಿರುಗಿಕೊಳ್ಳುತ್ತವೆ.

ಬ್ಯಾಂಡ್ ಮನೆ ಅಂದರೆ ನಿಮಗೆ ಹೇಗೆ ಹೇಳಲಿ! ಉದ್ದನೆಯ ಹಜಾರ. ಒಂದು ಗೋಡೆಗೆ ಸಾಲಾಗಿ ಗೂಟ, ಗೂಟಕ್ಕೆ ಟ್ರಂಪೆಟ್ಟು, ಡ್ರಮ್ಮು, ಒಂದು ಕಡೆ ಜಜ್ಜಿಹೋದ ದೊಡ್ಡ ತುತ್ತೂರಿ. ಇನ್ನೊಂದು ಗೋಡೆಗೆ ಹಗ್ಗ ಕಟ್ಟಿ ನೇತುಹಾಕಿದ ಕೆಂಪು ಕೋಟುಗಳು. ಹಿತ್ತಾಳೆ ಉಜ್ಜುವ ಹುಣಸೆಹಣ್ಣಿನ ಹುಳಿವಾಸನೆ, ಬೆವರಿನ ಕೋಟಿನ ವಾಸನೆ, ಇವೆರಡರ ಮಧ್ಯೆ ಗಿರಿಜತ್ತೆಯ ಮೀನಿನ ಸಾರಿನ ಒಗ್ಗರಣೆ. ದೊಡ್ಡಪ್ಪ ಬ್ಯಾಂಡ್ ಸೆಟ್ಟಿನ ಮಾಸ್ಟರು, ಕ್ಲಾರಿನೆಟ್ ಊದುತ್ತಿದ್ದರು. ಅಪ್ಪ ಅವರ ಎಡಗಡೆ ನಿಂತು ಸೈಡ್ ಡ್ರಮ್ ಬಾರಿಸುತ್ತಿದ್ದರು. ಇಬ್ಬರಿಗೂ ತಂಗಿಯಾದ ಗಿರಿಜತ್ತೆ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಡುಗೆಮನೆಯನ್ನೂ ನಮ್ಮೆಲ್ಲರ ತಲೆಯನ್ನೂ ಕೈಗೆ ತೆಗೆದುಕೊಂಡಿದ್ದರು. ಸಾಗರದಿಂದ ತೀರ್ಥಹಳ್ಳಿಯವರೆಗೆ ದಿಬ್ಬಣ ಹೊರಟರೆ ಮುಂದೆ ನಮ್ಮ ಕೆಂಪು ಕೋಟು. ಮಳೆಗಾಲದಲ್ಲಿ ಮದುವೆ ಇಲ್ಲ, ಹಾಗಾಗಿ ಇಡೀ ಸೆಟ್ಟು ಮನೆಯಲ್ಲೇ. ಆಗ ದೊಡ್ಡಪ್ಪನಿಗೆ ಒಂದೇ ಯೋಚನೆ, ಹೊಸ ಟ್ಯೂನಿನದು. ತುಳಸಿ ಹಬ್ಬ ಕಳೆದು ಬರುವ ಮೊದಲ ಮದುವೆಯಲ್ಲಿ ಬೇರೆ ಯಾವ ಸೆಟ್ಟಿನಲ್ಲೂ ಇಲ್ಲದ ಒಂದು ಟ್ಯೂನನ್ನು ಊದಲೇಬೇಕು. ಅದು ಅವರ ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಸಿನಿಮಾ ಹಾಡನ್ನು ಎಲ್ಲರೂ ಊದುತ್ತಾರೆ, ಅದಕ್ಕೆ ಮಾಸ್ಟರು ಬೇಕಾ ಎನ್ನುವುದು ಅವರ ವಾದ.

ಗೇಮ್ ಮಿಷನ್ನು ಮಾತ್ರ ಗಿರಿಜತ್ತೆಯದು. ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆಗಿದ್ದ ಚಿಕ್ಕಪ್ಪ ಅದನ್ನು ತಂದದ್ದು ಮಕ್ಕಳಿಗೆಂದು. ಒಂದು ವಾರದಲ್ಲಿ ಮಕ್ಕಳು ಹಿಂದೆ, ಅತ್ತೆ ಮುಂದೆ. ಮಧ್ಯಾಹ್ನ ಊಟದ ಪಾತ್ರೆ ಕವುಚಿ ಹಾಕಿ, ಸೆರಗಿಗೆ ಕೈ ಒರೆಸಿ, ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರೆ ಆ ತೆರೆಯೊಳಗಿನ ಸಣ್ಣ ಮನುಷ್ಯ ಅತ್ತೆ ಹೇಳಿದ ಹಾಗೆ ಹಾರುತ್ತಿದ್ದ, ಹಳ್ಳ ದಾಟುತ್ತಿದ್ದ. ಕಪ್ಪಗೆ ಅಗಲವಾದ ಮಿಷನ್ನು. ಮುಂಭಾಗದಲ್ಲಿ ಇಯರ್‌ಫೋನಿನ ತೂತು, ಪಕ್ಕದಲ್ಲಿ ಸೌಂಡು ಏರಿಸಿ ಇಳಿಸುವ ಪಟ್ಟಿ. ಒಂದು ದಿನ ದೊಡ್ಡಪ್ಪ ಸುಮ್ಮನೆ ಆ ಇಯರ್‌ಫೋನ್ ಕಿವಿಗೆ ಇಟ್ಟರು. ಇಟ್ಟವರು ತೆಗೆಯಲೇ ಇಲ್ಲ. "ಎಂತ ಮಾರಾಯ್ತಿ ಇದು! ಒಳಗೆ ಯಾರೋ ಚೆಂದ ಊದ್ತಾ ಇದ್ದಾನಲ್ಲೆ!" ಎಂದರು. ಆ ವರ್ಷದ ಮೊದಲ ಮದುವೆಗೆ ಗೇಮಿನ ಟ್ಯೂನೇ ಹೋಯಿತು. ತೀರ್ಥಹಳ್ಳಿಯ ದೊಡ್ಡ ಗೌಡರೊಬ್ಬರ ಮನೆಯ ಮದುವೆ ಅದು. ಗೌಡರು ಬಾಯ್ತುಂಬ ವೀಳ್ಯ ಹಾಕಿಕೊಂಡು, "ಮಾಸ್ಟ್ರೇ, ಬರೋ ವರ್ಷ ಹಿರೀಮಗಂದು. ಇದಕ್ಕಿಂತ ಚೆಂದದ್ದು ಬೇಕು. ಇಲ್ದಿದ್ರೆ ಸಾಗರದ ಸೆಟ್ಟು ಕರೀತೀನಿ, ಆಮೇಲೆ ಬೇಜಾರ್ ಮಾಡ್ಕಬೇಡಿ" ಎಂದು ನಗುತ್ತಾ ಹೇಳಿದರು. ನಗುತ್ತಾ ಹೇಳಿದ ಮಾತೇ ದೊಡ್ಡಪ್ಪನಿಗೆ ಚುಚ್ಚಿದ್ದು. ಸಾಗರದ ಸೆಟ್ಟಿನ ಮಾಸ್ಟರು ಒಂದು ಕಾಲಕ್ಕೆ ಇವರ ಹತ್ತಿರವೇ ಕಲಿತವರು.

ಮರುವರ್ಷದ ಮಳೆಗಾಲಕ್ಕೆ ಚಿಕ್ಕಪ್ಪ ರಜೆಯಲ್ಲಿ ಬಂದಾಗ ಎರಡು ಸಾಮಾನು ತಂದರು. ಒಂದು, ಅದೇ ಹೆಸರಿನ ಹೊಸ ಮಿಷನ್ನು, ಚಿಕ್ಕದು, ನುಣ್ಣಗಿನದು. ಇನ್ನೊಂದು, ಜಪಾನಿನವರ ಅಕ್ಷರವಿದ್ದ ಒಂದು ಗೇಮ್ ಕ್ಯಾಸೆಟ್ಟು. ಅಲ್ಲಿಗೆ ಬಂದ ಹಡಗಿನವರು ಮಾರಿಹೋದದ್ದಂತೆ. "ಇದರ ಹಾಡು ಕೇಳಿದ್ರೆ ಅಣ್ಣ ಕುಣೀತಾನೆ" ಎಂದು ಚಿಕ್ಕಪ್ಪ ಹೊಗಳಿದ್ದೇ ಹೊಗಳಿದ್ದು. ಆದರೆ ಕ್ಯಾಸೆಟ್ಟು ಹಳೇ ಮಿಷನ್ನಿಗೂ ಹೋಗಲಿಲ್ಲ, ಹೊಸದಕ್ಕೂ ಹೋಗಲಿಲ್ಲ. ಕ್ಯಾಸೆಟ್ಟು ಅಗಲ, ಮಿಷನ್ನಿನ ಬಾಯಿ ಕಿರಿದು. ಒಂದು ಸೀಮೆಯ ಕ್ಯಾಸೆಟ್ಟು ಇನ್ನೊಂದು ಸೀಮೆಯ ಮಿಷನ್ನಿನಲ್ಲಿ ನಡೆಯಬಾರದೆಂದು ಮಾಡುವವರೇ ಹಾಗೆ ಮಾಡಿರುತ್ತಾರೆಂದು ನಮಗೇನು ಗೊತ್ತು? ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹೆಣ್ಣಿನ ಕಡೆಯವರು ಒಪ್ಪಿದ್ರೂ ಗಂಡಿನ ಕಡೆಯವರು ಒಪ್ತಾ ಇಲ್ಲ ಕಣಾ" ಎಂದರು. ದಿನವೂ ಮದುವೆ ನೋಡುವವರ ಮಾತು!

ನಾನಾಗ ಶಾಲೆ ಬಿಟ್ಟು ಬಸ್ ಸ್ಟ್ಯಾಂಡಿನ ರೇಡಿಯೋ ರಿಪೇರಿ ಅಂಗಡಿ ಸೇರಿದ್ದೆ, ಬೆಸುಗೆ ಹಾಕುವುದು ಕೈಗೆ ಹತ್ತಿತ್ತು. ದೊಡ್ಡಪ್ಪ ಕರೆದು, "ಏ ತಮ್ಮಾ, ಬಾಯಿ ಅಗಲ ಮಾಡಕ್ಕಾಗ್ತದಾ?" ಎಂದು ಕೇಳಿದರು. ಮೊದಲು ಹೊಸದನ್ನೇ ಕೊಯ್ದೆ. ಅದರ ಮೇಲೆ ಯಾರಿಗೂ ಅಂಥ ಪ್ರೀತಿ ಹುಟ್ಟಿರಲಿಲ್ಲ. ಕ್ಯಾಸೆಟ್ಟು ಕೂತಿತು, ಚಿತ್ರ ಬಂತು, ಮನೆಯವರೆಲ್ಲ ಹೋ ಎಂದರು. ಆದರೆ ಹಾಡು? ಹೊಸ ಮಿಷನ್ನಿನಲ್ಲಿ ಇಯರ್‌ಫೋನಿನ ತೂತೇ ಇರಲಿಲ್ಲ. ಹಿಂಬದಿಯಿಂದ ವಯರು ಎಳೆದು ಕೇಳಿಸಿದರೆ, ನೆಗಡಿ ಹಿಡಿದವನು ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಹೆಸರು ಒಂದೇ ಆದರೂ ಒಳಗಿನ ಸೌಂಡಿನ ಸಾಮಾನು ಬದಲಾಗಿತ್ತು. ಕೆಳಗಿನ ಸ್ವರವೆಲ್ಲ ಒಡೆದು ಗೊರಗೊರ ಎನ್ನುತ್ತಿತ್ತು. ದೊಡ್ಡಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ಇಯರ್‌ಫೋನ್ ಕೆಳಗಿಟ್ಟರು. "ಎರಡು ಸ್ವರ ಒಂದರ ಮೇಲೊಂದು ಕೂತ್ಕಂಡಿವೆ. ಯಾವ್ದು ಹಿಡೀಲಿ ನಾನು? ಹಳೇದನ್ನೇ ಕೊಯ್ಯಾ" ಎಂದರು.

ಅಡುಗೆಮನೆಯಿಂದ ಸೌಟಿನ ಸಮೇತ ಗಿರಿಜತ್ತೆ ಬಂದರು. "ಮುಟ್ಟಿ ನೋಡು. ಕೈ ಮುರಿದು ಒಲೆಗೆ ಹಾಕ್ತೀನಿ."

"ಒಂದು ಡಬ್ಬಿಗೆ ಎಂತ ಗಲಾಟೆ ಮಾರಾಯ್ತಿ ನಿಂದು?"

"ಡಬ್ಬಿಯಾ? ಹಂಗಾದ್ರೆ ಅಣ್ಣ, ಮೊದ್ಲು ನಿನ್ನ ಪೀಪಿ ಬಾಯಿ ಕೊಯ್ಸು. ಅದೂ ಒಂದು ಕೊಳವೆ ತಾನೇ."

ಅಪ್ಪ ನಗು ತಡೆಯಲಾರದೆ ಡ್ರಮ್ಮಿನ ಹಿಂದೆ ಮುಖ ಮರೆಸಿದರು. ನಮ್ಮ ಮನೆಯಲ್ಲಿ ಯಾರೂ ಯಾರ ವಾದ್ಯವನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಇನ್ನೊಬ್ಬರದು ಬೇಕಾದರೆ ನಮ್ಮದನ್ನು ಅವರ ಕೈಗಿಟ್ಟು ತೆಗೆದುಕೊಳ್ಳಬೇಕು. ಅದು ಮನೆಯ ಕಟ್ಟಳೆ. ಗಿರಿಜತ್ತೆ ತನ್ನ ಮಿಷನ್ನನ್ನೂ ಆ ಲೆಕ್ಕಕ್ಕೆ ಸೇರಿಸಿದ್ದಾರೆಂದು ನಮಗೆಲ್ಲ ತಿಳಿದದ್ದು ಆಗಲೇ. ದೊಡ್ಡಪ್ಪ ಎದ್ದು ಹೋಗಿ, ಹೆಂಡತಿಗೂ ಮುಟ್ಟಲು ಕೊಡದ ಕ್ಲಾರಿನೆಟ್ಟನ್ನು ತಂದು ತಂಗಿಯ ಕೈಗಿಟ್ಟರು. "ಇಟ್ಕಾ. ನಿನ್ನ ಮಿಷನ್ ಹಾಳಾದ್ರೆ ಇದೂ ನಂಗೆ ಬೇಡ."

ಅತ್ತೆ ಸೌಟು ಕೆಳಗಿಟ್ಟರು. ಹೊಸ್ತಿಲ ಬೆಳಕಿಗೆ ಮಣೆ ಹಾಕಿ ನಾನು ಕೂತೆ. ಚಿಕ್ಕ ಅರದಿಂದ ಪ್ಲಾಸ್ಟಿಕ್ಕನ್ನು ಉಜ್ಜುವುದು, ಊದುವುದು, ಕ್ಯಾಸೆಟ್ಟು ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಒಂದು ಚೂರು ಒಳಗೆ ಬಿದ್ದರೂ ಮುಗಿಯಿತು. ಇನ್ನೊಂದು ಮಿಷನ್ನು ತರಲು ಚಿಕ್ಕಪ್ಪ ಮತ್ತೆ ಮಸ್ಕತ್ತಿಗೆ ಹೋಗಿ ಬರಬೇಕು, ಅಷ್ಟರೊಳಗೆ ಗೌಡರ ಹಿರೀಮಗನಿಗೆ ಮಕ್ಕಳಾಗಿರುತ್ತವೆ. ಎದುರಿಗೆ ಕ್ಲಾರಿನೆಟ್ಟನ್ನು ಕೂಸಿನ ಹಾಗೆ ತಬ್ಬಿಕೊಂಡು ಅತ್ತೆ, ಪಕ್ಕದಲ್ಲಿ ಬರಿಗೈಯಲ್ಲಿ ಏನು ಮಾಡಬೇಕೆಂದು ತಿಳಿಯದ ದೊಡ್ಡಪ್ಪ. ಅಷ್ಟು ದೊಡ್ಡ ಮನೆಯಲ್ಲಿ ಆ ಮಧ್ಯಾಹ್ನ ಅರದ ಕರಕರ ಬಿಟ್ಟರೆ ಬೇರೆ ಸದ್ದಿಲ್ಲ. ಕಡೆಗೆ ಕ್ಯಾಸೆಟ್ಟು 'ಟಕ್' ಎಂದು ಕೂತಿತು. ಸ್ವಿಚ್ ಒತ್ತಿದೆ. ದೊಡ್ಡಪ್ಪ ಇಯರ್‌ಫೋನ್ ಕಿವಿಗಿಟ್ಟರು. ಅವರ ಹುಬ್ಬು ಮೇಲೆ ಹೋದದ್ದು, ಕೈಯಲ್ಲಿಲ್ಲದ ಕ್ಲಾರಿನೆಟ್ಟಿನ ಮೇಲೆ ಬೆರಳುಗಳು ಆಡತೊಡಗಿದ್ದು ಈಗಲೂ ನನ್ನ ಕಣ್ಣ ಮುಂದಿದೆ. ಅತ್ತೆ ವಾದ್ಯವನ್ನು ಅವರ ಕೈಗೆ ಹಾಕಿದರು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಯಾವ ಸಂಗೀತ ಶಾಲೆಯಲ್ಲೂ ನೀವು ಕಂಡಿರಲಾರಿರಿ. ಆ ಟ್ಯೂನು ಉದ್ದನೆಯದು, ತೆರೆಯೊಳಗಿನ ಮನುಷ್ಯ ಸತ್ತರೆ ಮತ್ತೆ ಮೊದಲಿನಿಂದ ಶುರು. ಅವನನ್ನು ಸುಮ್ಮನೆ ನಿಲ್ಲಿಸೋಣವೆಂದರೆ ಹಿಂದಿನಿಂದ ಬೆಂಕಿಯುಂಡೆ ಬರುತ್ತಿತ್ತು. ಹಾಗಾಗಿ ಟ್ಯೂನಿನ ಬಾಲ ಸಿಗಬೇಕಾದರೆ ಅತ್ತೆ ಸಾಯದೆ ಆಡಬೇಕು. ಅತ್ತೆ ಆಡುವುದು, ದೊಡ್ಡಪ್ಪ ಪಕ್ಕದಲ್ಲಿ ಒಂದೊಂದೇ ಸಾಲು ಹಿಡಿಯುವುದು.

"ಸಾಯ್ಬೇಡ ಗಿರಿಜಾ, ಸಾಯ್ಬೇಡ! ಇನ್ನೊಂದೇ ಸಾಲು!"

"ನಾನೆಂತ ಬೇಕಂತ ಸಾಯ್ತೀನಾ? ಕಿವಿ ಹತ್ರ ಕಿರುಚ್ಬೇಡ, ಕೈ ತಪ್ತದೆ."

ಗಂಜಿ ತಣ್ಣಗಾಗುತ್ತಿತ್ತು, ಬೆಕ್ಕು ಮೀನು ಹೊತ್ತೊಯ್ಯುತ್ತಿತ್ತು, ಇಬ್ಬರಿಗೂ ಅರಿವಿಲ್ಲ. ಪಕ್ಕದ ಮನೆಯವರು ಒಂದು ದಿನ "ಸಾಯ್ಬೇಡ" ಎನ್ನುವ ಕೂಗು ಕೇಳಿ ಹೆದರಿ ಓಡಿಬಂದದ್ದೂ ಉಂಟು. ಬಂದವರು ಕಾಫಿ ಕುಡಿದು, ಆಟ ನೋಡಿ, ತಾವೂ ನಾಲ್ಕು ಸಲ ಕೂಗಿ ಹೋದರು.

ಟ್ಯೂನು ನಿಧಾನದ್ದು. ಒಂದು ಸ್ವರ ಪೂರ್ತಿ ಅರಳಿದ ಮೇಲೆ ಇನ್ನೊಂದು. ಅಪ್ಪನ ಡ್ರಮ್ಮಿಗೆ ಅದರ ನಡುವೆ ಧಾರಾಳ ಜಾಗ. ತೀರ್ಥಹಳ್ಳಿಯ ಪೇಟೆಬೀದಿಯಲ್ಲಿ ಗೌಡರ ಹಿರೀಮಗನ ದಿಬ್ಬಣದ ಮುಂದೆ ಅದನ್ನು ಊದಿದಾಗ, ಬೀದಿಯ ಎರಡೂ ಬದಿಯ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತರು. ಕಳಸ ಹಿಡಿದ ಹೆಂಗಸರ ಹೆಜ್ಜೆಗೆ, ಕೋಲೂರಿ ನಡೆವ ಅಜ್ಜಂದಿರ ಹೆಜ್ಜೆಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಗೌಡರು ಈ ಸಲ ನಗಲಿಲ್ಲ. ದೊಡ್ಡಪ್ಪನ ಹತ್ತಿರ ಬಂದು, "ಇನ್ನು ನಮ್ಮನೇಲಿ ಎಷ್ಟು ಮದುವೆ ಆದ್ರೂ ಇದೇ ಆಯ್ತು ಮಾಸ್ಟ್ರೇ" ಎಂದಷ್ಟೇ ಹೇಳಿದರು.

ಮರುವರ್ಷ ಸಾಗರದ ಸೆಟ್ಟಿನವರೂ ಅದೇ ಟ್ಯೂನು ಹಿಡಿದರು. ಅವರ ಮಾಸ್ಟರು ಮಂಗಳೂರಿನ ಯಾವುದೋ ಗೇಮ್ ಅಂಗಡಿಯಲ್ಲಿ ಜಪಾನಿನದೇ ಮಿಷನ್ನಿನಿಂದ ಟೇಪು ಮಾಡಿಕೊಂಡು ಬಂದಿದ್ದರಂತೆ. ಆದರೆ ಅವರ ಟ್ಯೂನು ನಮ್ಮದಕ್ಕಿಂತ ಬಹಳ ಚುರುಕು! ಒಂದು ಮದುವೆಯಲ್ಲಿ ಮದುಮಗ ಹೆಚ್ಚುಕಡಿಮೆ ಓಡುತ್ತಲೇ ಛತ್ರ ಸೇರಿದನೆಂದೂ, ಅವನ ಸೋದರತ್ತೆಯರು ಹಿಂದೆ ಉಳಿದು ಆಟೋ ಹಿಡಿದು ಬಂದರೆಂದೂ ಊರಲ್ಲಿ ಸುದ್ದಿಯಾಯಿತು. ಆ ಮಾಸ್ಟರು ಸಂತೆಯಲ್ಲಿ ಸಿಕ್ಕಾಗ, "ಗುರುಗಳೇ, ಅಸಲಿ ನಮ್ದು. ನಿಮ್ಮ ಮಿಷನ್ ತಪ್ಪು ಹೇಳಿದೆ" ಎಂದರು. ದೊಡ್ಡಪ್ಪ ಮನೆಗೆ ಬಂದು ಊಟ ಮಾಡಲಿಲ್ಲ.

ಅವರು ಹೇಳಿದ್ದು ಸುಳ್ಳಲ್ಲ ಎಂದು ನನಗೆ ತಿಳಿದದ್ದು ಕೆಲಸ ಕಲಿಯುತ್ತ ಹೋದ ಮೇಲೆ. ನಮ್ಮ ಸೀಮೆಯ ಮಿಷನ್ನು ಒಂದು ಸೆಕೆಂಡಿಗೆ ಐವತ್ತು ಚಿತ್ರ ತೋರಿಸುತ್ತದೆ, ಜಪಾನಿನದು ಅರವತ್ತು. ಟ್ಯೂನು ಚಿತ್ರವನ್ನೇ ಎಣಿಸಿಕೊಂಡು ನಡೆಯುತ್ತದೆ. ಹಾಗಾಗಿ ಜಪಾನಿನವರು ಚುರುಕಾಗಿ ಕಟ್ಟಿದ್ದು ಹೊಸನಗರಕ್ಕೆ ಬಂದು ನಿಧಾನವಾಯಿತು. ಬೋರ್ಡಿನ ಮೇಲೆ ಒಂದು ಗೆರೆ ಕಡಿದು ಸಣ್ಣ ಸ್ವಿಚ್ ಕೂರಿಸಿದರೆ ಎರಡೂ ವೇಗ ಸಿಗುತ್ತದೆಂದು ಕಲಿತು, ಅತ್ತೆಯನ್ನು ಕೇಳಿ, ಕೂರಿಸಿಯೇ ಬಿಟ್ಟೆ. ಅತ್ತೆ ಅಸಲಿ ವೇಗದಲ್ಲಿ ಆಡಲು ಕೂತರು, ಮೊದಲ ಹಳ್ಳದಲ್ಲೇ ಬಿದ್ದು ಸತ್ತರು. ಮತ್ತೆ ಆಡಿದರು, ಮತ್ತೆ ಸತ್ತರು. "ಇಷ್ಟು ಅವಸರದಲ್ಲಿ ಎಲ್ಲಿಗೆ ಹೋಗೋದುಂಟು ಇವಂಗೆ? ಮೊದ್ಲಿನ ಹಂಗೇ ಹಾಕಾ" ಎಂದರು. ಬಾಗಿಲ ಹತ್ತಿರ ಕೂತು ಕೇಳುತ್ತಿದ್ದ ದೊಡ್ಡಪ್ಪ ಎರಡೂ ಕೇಳಿದ ಮೇಲೆ ಜೋರಾಗಿ ನಕ್ಕರು, ಬಹಳ ದಿನದ ಮೇಲೆ. "ಅಸಲಿ ಆ ಸಾಗರದವ್ನ ಹತ್ರಾನೇ ಇರ್ಲಿ. ದಿಬ್ಬಣದ ಜೊತೆ ನಡೆಯೋದು ನಮ್ದು" ಎಂದರು. ಆವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು.

ಈಗ ಆ ಮನೆಯವರಲ್ಲಿ ಹೆಚ್ಚಿನವರು ಇಲ್ಲ. ಡಿಜೆ ಲಾರಿಗಳು ಬಂದ ಮೇಲೆ ಸೆಟ್ಟಿನವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹಿಡಿದರು. ಗಿರಿಜತ್ತೆ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಕೋಟುಗಳನ್ನು ಯಾರು ಒಯ್ದರೋ ತಿಳಿಯದು. ಆದರೆ ನನಗೆ ಹೇಳಬೇಕಾದದ್ದು ದೊಡ್ಡಪ್ಪನ ಕಡೆಯ ದಿಬ್ಬಣ. ಅದೇ ಗೌಡರ ಮನೆಯ ಕಿರೀಮಗಳ ಮದುವೆ. ಲಾರಿ ಬೇಡ, ಮಾಸ್ಟರೇ ಬರಬೇಕೆಂದು ಹೇಳಿ ಕಳಿಸಿದ್ದರು. ದೊಡ್ಡಪ್ಪನಿಗೆ ಆಗಲೇ ಉಸಿರು ಸಾಲುತ್ತಿರಲಿಲ್ಲ. ಹೋಗುವುದು ಬೇಡವೆಂದು ಎಲ್ಲರೂ ಹೇಳಿದೆವು, ಕೇಳಲಿಲ್ಲ. ಅಂಗಡಿಗೆ ಬೀಗ ಹಾಕಿ ನಾನೂ ಜೊತೆಗೆ ಹೋದೆ. ಅರ್ಧ ಬೀದಿ ದಾಟುವಷ್ಟರಲ್ಲಿ ಟ್ಯೂನು ನಿಧಾನವಾಯಿತು, ನಮ್ಮ ಮಿಷನ್ನಿಗಿಂತಲೂ ನಿಧಾನ. ಒಂದು ಸ್ವರ, ಉಸಿರು, ಇನ್ನೊಂದು ಸ್ವರ. ಅಪ್ಪ ಕತ್ತು ತಿರುಗಿಸದೆ, ಅಣ್ಣನ ಹೆಗಲು ಏಳುವುದನ್ನೇ ಓರೆಗಣ್ಣಲ್ಲಿ ನೋಡುತ್ತಾ ಅದರ ಅಳತೆಗೇ ಡ್ರಮ್ಮಿಗೆ ಕೋಲು ಹಾಕತೊಡಗಿದರು. ಹಿಂದೆ ಕಳಸದ ಹೆಂಗಸರು ಹೆಜ್ಜೆ ಚಿಕ್ಕದು ಮಾಡಿಕೊಂಡರು. ಗಂಡಿನ ಕಡೆಯ ಹುಡುಗನೊಬ್ಬ ಗಡಿಯಾರ ನೋಡಿ ಏನೋ ಹೇಳಹೋದ. ಗೌಡರು ಅವನ ತೋಳು ಹಿಡಿದು ನಿಲ್ಲಿಸಿದರು. ಛತ್ರದ ಬಾಗಿಲು ಎದುರಿಗೇ ಕಾಣುತ್ತಿತ್ತು, ಮುಹೂರ್ತ ಮೀರುತ್ತದೆಂದು ಪುರೋಹಿತರು ಹೊರಗೆ ಬಂದು ಕೈ ಬೀಸುತ್ತಿದ್ದರು. ದೊಡ್ಡಪ್ಪ ಕಣ್ಣು ಮುಚ್ಚಿ ಊದುತ್ತಿದ್ದರು. ಯಾರೂ ಅವರನ್ನು ದಾಟಿ ಮುಂದೆ ಹೋಗಲಿಲ್ಲ.