ಸೂಜಿಯಮ್ಮನ ಮೇಲಿನ ಹೊಟ್ಟೆಕಿಚ್ಚು

ಗಂಡ ಕುಡಿತ ಬಿಟ್ಟನೆಂದು ಹೊಟ್ಟೆ ಉರಿದುಕೊಂಡ ಹೆಂಗಸರು ಬೇರೆ ಎಲ್ಲಾದರೂ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇಸ್ತ್ರಿಯಕ್ಕ ಮಾತ್ರ ಉರಿದುಕೊಂಡಳು. ಹೊರಗೆ ಎಲ್ಲರ ಮುಂದೆ ಸಂತೋಷದ ಮುಖ ಹೊತ್ತು ತಿರುಗಿದಳು, ಒಳಗೊಳಗೇ ಬೆಂದುಹೋದಳು.

ಹೋಟೆಲುಗಳ ಹಾಸುಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯ ನೆಲಮಾಳಿಗೆಯಲ್ಲಿ ಅವಳ ಕೆಲಸ. ಇಬ್ಬರು ಎದುರುಬದುರು ನಿಂತು, ಒದ್ದೆ ಹಾಸಿನ ಮೂಲೆಗಳನ್ನು ಹಿಡಿದು ಫಟ್ಟೆಂದು ಜಾಡಿಸಿ, ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಹಪ್ಪಳದಂತೆ ಗರಿಗರಿಯಾಗಿ ಬರುತ್ತದೆ. ಎಷ್ಟೋ ವರ್ಷ ಹೀಗೆ ಜಾಡಿಸಿ ಜಾಡಿಸಿ ಅವಳ ಬಲಭುಜ ಸವೆದುಹೋಗಿತ್ತು. ಬೆಳಿಗ್ಗೆ ತಲೆ ಬಾಚಿಕೊಳ್ಳಬೇಕಾದರೆ ಕೈಯನ್ನೇ ತಲೆಗೆ ಒಯ್ಯಲಾಗದೆ ತಲೆಯನ್ನು ಕೈಯ ಹತ್ತಿರ ತರುತ್ತಿದ್ದಳು. ಆದರೂ ಬಾಯಿ ಜೋರು. ಉರುಳೆಯ ಸದ್ದನ್ನು ಮೀರಿಸಿ ಮಾತಾಡುವ ಹೆಂಗಸು ಅಲ್ಲಿ ಅವಳೊಬ್ಬಳೇ.

ಗಂಡ ಕ್ಷೌರಿಕ. ಅವರ ಬೀದಿಯ ತಿರುವಿನಲ್ಲೇ ಎರಡು ಕುರ್ಚಿಯ ಸಣ್ಣ ಅಂಗಡಿ. ಒಳ್ಳೆಯ ಕೈ ಎಂದು ಹೆಸರಿತ್ತು. ಕುಡಿದು ಹೊಡೆಯುವವನಲ್ಲ, ಬಡಿಯುವವನಲ್ಲ, ಬೈಯುವವನೂ ಅಲ್ಲ. ಸುಮ್ಮನೆ ಕುಡಿಯುವವನು. ಕುಡಿದ ಮೇಲೆ ಸಣ್ಣಗೆ ನಗುತ್ತ ಗೋಡೆ ನೋಡುತ್ತಾ ಕೂರುವನು. ಆ ನಗುವೇ ಅವಳಿಗೆ ಹೊಡೆತಕ್ಕಿಂತ ಹೆಚ್ಚು. ಬರುಬರುತ್ತ ಬೆಳಿಗ್ಗೆ ಒಂದು ಗುಟುಕು ಬೀಳದಿದ್ದರೆ ಕೈ ನಡುಗತೊಡಗಿತು. ಗಿರಾಕಿಗಳು ಮೊದಲು ಗಡ್ಡ ಮಾಡಿಸುವುದನ್ನು ನಿಲ್ಲಿಸಿದರು, ಆಮೇಲೆ ತಲೆ ಕೊಡುವುದನ್ನೂ ನಿಲ್ಲಿಸಿದರು.

ಅವಳು ಮಾಡದ ಉಪಾಯವಿಲ್ಲ. ಬಾಟಲಿ ಕಂಡಲ್ಲೆಲ್ಲ ಮೋರಿಗೆ ಸುರಿದಳು. ಅತ್ತಳು, ಅಂಗಲಾಚಿದಳು, ವಾರಗಟ್ಟಲೆ ಮಾತು ಬಿಟ್ಟಳು. ತವರಿಗೆ ಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿದಳು, ಬಾಗಿಲವರೆಗೆ ಹೋಗಿ ವಾಪಸು ಬಂದು ಬಿಚ್ಚಿದಳು. ಗಿರಾಕಿಗಳು ಕೇಳಿದರೆ "ಅವ್ರಿಗೆ ಜ್ವರ" ಎಂದು ಸುಳ್ಳು ಹೇಳಿದಳು. ಅವನೋ ಪ್ರತಿ ಸಲವೂ ತಲೆಯಾಡಿಸಿ, "ಬಿಡ್ತೀನಿ ಕಣೆ, ನಿನ್ನಾಣೆ" ಎನ್ನುವನು. ಅವಳ ಆಣೆಗೆ ಬೆಲೆಯೇ ಇಲ್ಲದಂತಾಯಿತು.

ಹೀಗಿರುವಾಗ ಒಂದು ದಿನ ಹಳೆಯ ಗಿರಾಕಿಯೊಬ್ಬರ, ನಿವೃತ್ತ ಮೇಷ್ಟರ, ಕೆನ್ನೆಗೆ ಕತ್ತಿ ತಗುಲಿತು. ಗಾಯ ದೊಡ್ಡದಲ್ಲ, ಆದರೆ ರಕ್ತ ಬಿಳಿ ಬಟ್ಟೆಯ ಮೇಲೆಲ್ಲ ಹರಡಿತು. ಮೇಷ್ಟರು ಕೆನ್ನೆ ಒತ್ತಿಕೊಂಡು ಎದ್ದು ಹೋದರು. ಅವನು ಶಟರ್ ಎಳೆದು, ಯಾರಿಗೂ ಹೇಳದೆ, ನೇರ ದೊಡ್ಡಾಸ್ಪತ್ರೆಗೆ ಹೋದ. ಅಲ್ಲಿ ಅವನನ್ನು ವಾರ್ಡಿನಲ್ಲಿ ಇಟ್ಟುಕೊಂಡು, ನಡುಕ ಇಳಿಯುವವರೆಗೆ ಮಾತ್ರೆ ಕೊಟ್ಟರು. ಅವಳು ಅಷ್ಟೂ ದಿನ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಳು. ಬಿಡುಗಡೆಯಾದ ಮೇಲೆ ಆಸ್ಪತ್ರೆಯ ಹಿಂಭಾಗದ ಒಂದು ಕೋಣೆಗೆ ದಿನಾ ಮಧ್ಯಾಹ್ನ ಹೋಗಿ ಬಾ ಎಂದು ವೈದ್ಯರು ಹೇಳಿ ಕಳಿಸಿದರು. ಅಲ್ಲಿ ಒಬ್ಬಾಕೆ ಕಿವಿಗೆ ಸಣ್ಣ ಸಣ್ಣ ಸೂಜಿ ಚುಚ್ಚಿ ಕೂರಿಸುತ್ತಾಳಂತೆ. ಮೈ ತಣ್ಣಗಾಗುತ್ತದಂತೆ, ನಿದ್ದೆ ಬರುತ್ತದಂತೆ, ಕುಡಿಯಬೇಕೆನ್ನುವ ಚಡಪಡಿಕೆ ಇಳಿಯುತ್ತದಂತೆ. ಅಕ್ಯುಪಂಕ್ಚರ್ ಎಂದು ಅದರ ಹೆಸರು. ಅದಕ್ಕೆ ಅವನ ನಾಲಿಗೆ ಹೊರಳದೆ, ಆಕೆಯನ್ನು ಸೂಜಿಯಮ್ಮ ಎಂದು ಕರೆಯತೊಡಗಿದ.

ಮೊದಲ ದಿನ ಕಿವಿ ಕೆಂಪಗೆ ಮಾಡಿಕೊಂಡು ಬಂದಾಗ ಅವಳಿಗೆ ನಗು ಬಂತು. "ಈ ವಯಸ್ಸಲ್ಲಿ ಕಿವಿ ಚುಚ್ಚಿಸ್ಕೊಂಡ್ರಾ? ಓಲೆ ಎಲ್ಲಿ?" ಎಂದಳು. ಅವನೂ ನಕ್ಕ. ಆ ರಾತ್ರಿ ಗೊರಕೆ ಹೊಡೆದು ಮಲಗಿದ.

ವಾರ ಕಳೆಯಿತು, ತಿಂಗಳು ಕಳೆಯಿತು, ಅವನು ಮುಟ್ಟಲಿಲ್ಲ. ಕೈ ನಿಂತಿತು. ಮೇಷ್ಟರೂ ಒಂದು ಬೆಳಿಗ್ಗೆ ಬಂದು, ಹೆದರುತ್ತಲೇ ಕುರ್ಚಿಯಲ್ಲಿ ಕೂತರು. ಅವಳ ಕಷ್ಟ ಅಲ್ಲಿಂದ ಶುರುವಾಯಿತು.

"ಅವ್ರು ಹೇಳಿದ್ರು, ಎದ್ದ ಕೂಡ್ಲೆ ಬಿಸಿನೀರು ಕುಡೀಬೇಕಂತೆ."

"ನಾನು ಮದ್ವೆಯಾದಾಗ್ಲಿಂದ ಅದನ್ನೇ ಬಡ್ಕೊಂಡಿದ್ದೀನಿ."

"ಅವ್ರು ಹೇಳಿದ್ರು, ಸಿಟ್ಟು ಬಂದಾಗ ಉಸಿರು ಮೆಲ್ಲಗೆ ಬಿಡ್ಬೇಕಂತೆ."

"ಬಿಡಿ, ಬಿಡಿ. ಮನೆಯೊಳಗೆ ಬೇಡ, ಆಚೆ ಹೋಗಿ ಬಿಡಿ."

ಅವನು ಬೆಪ್ಪಾಗಿ ನೋಡುವನು. ಇವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸುವಳು. ನಾನು ಹೇಳಿದ್ದು ಇಷ್ಟು ವರ್ಷ ಈ ಕಿವಿಯೊಳಗೆ ಇಳಿಯಲಿಲ್ಲ, ಆ ಪುಣ್ಯಾತ್ಗಿತ್ತಿಯ ಸೂಜಿ ಇಳಿಯಿತು ಎಂದು ಉರುಳೆಯ ಮುಂದೆ ಹಾಸು ಜಾಡಿಸುವಾಗೆಲ್ಲ ಅಂದುಕೊಳ್ಳುವಳು. ಜಾಡಿಸುವ ರಭಸಕ್ಕೆ ಎದುರು ನಿಂತವಳ ಕೈಯಿಂದ ಬಟ್ಟೆ ಹಾರಿಹೋಗುತ್ತಿತ್ತು.

ಇದಕ್ಕೆ ತುಪ್ಪ ಸುರಿಯಲು ನಾದಿನಿ ಇದ್ದಳು. ಪಕ್ಕದ ಬೀದಿಯಲ್ಲೇ ಮನೆ. ಬಂದವಳು ಚಹಾ ಊದಿ ಊದಿ ಕುಡಿಯುತ್ತ, "ಅಣ್ಣ ಎಷ್ಟು ಲಕ್ಷಣವಾಗಿದ್ದಾನೆ ಈಗ! ದೇವರಂಥ ಹೆಂಗಸು ಸಿಕ್ಕಿದ್ಳು ಬಿಡಿ ಅತ್ತಿಗೆ" ಎಂದಳು. ಲೋಟ ಕೆಳಗಿಟ್ಟು, "ಅಲ್ಲಾ, ನೋಡೋಕೆ ಹೇಗಿದ್ದಾಳೆ?" ಎಂದು ಕೇಳಿದಳು.

"ನಂಗೇನು ಗೊತ್ತು?"

"ನೀವು ನೋಡೇ ಇಲ್ವಾ?" ಎಂದು ನಾದಿನಿ ಹುಬ್ಬೇರಿಸಿದ್ದೇ ಸಾಕಾಯಿತು.

ಮರುದಿನ ಮಧ್ಯಾಹ್ನ ಇಸ್ತ್ರಿಯಕ್ಕ ರಜೆ ಹಾಕಿ, ಒಳ್ಳೆಯ ಬಟ್ಟೆ ಉಟ್ಟು, ಆಸ್ಪತ್ರೆಯ ಹಿಂಭಾಗಕ್ಕೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಬಣ್ಣ ಮಾಸಿದ ಕೋಣೆ. ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ಹತ್ತಾರು ಜನ ಕಣ್ಣು ಮುಚ್ಚಿ ಕೂತಿದ್ದರು. ಎಲ್ಲರ ಕಿವಿಯಲ್ಲೂ ಕೂದಲೆಳೆಯಷ್ಟು ತೆಳ್ಳಗಿನ ಸೂಜಿಗಳು. ಯಾರೂ ಮಾತಾಡುತ್ತಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳ ಗಂಡನಿದ್ದ. ಬಾಯಿ ಸ್ವಲ್ಪ ತೆರೆದು, ಅಂಗೈ ಮೇಲೆ ಮಾಡಿ, ಹಾಲು ಕುಡಿದು ಮಲಗಿದ ಮಗುವಿನ ಹಾಗಿದ್ದ. ಆ ಮುಖವನ್ನು ಅವಳು ಮದುವೆಯಾದ ಹೊಸತರಲ್ಲಿ ಕಂಡಿದ್ದಳು. ಆಮೇಲೆ ಅದು ಎಲ್ಲಿಗೋ ಹೋಗಿಬಿಟ್ಟಿತ್ತು. ಇಲ್ಲಿ, ಯಾರದೋ ಕೋಣೆಯಲ್ಲಿ, ಬಿಟ್ಟಿಯಾಗಿ ಕೂತಿದೆ.

ಸೂಜಿಯಮ್ಮ ಚೆಲುವೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟಿಗೆ ಒಂದು ನೆಲೆ ಸಿಗುತ್ತಿತ್ತು. ಆದರೆ ಆಕೆ ಐವತ್ತು ದಾಟಿದ, ದಪ್ಪ ಕನ್ನಡಕದ, ನೆಗಡಿಯಿಂದ ಸೊರಸೊರ ಮೂಗೆಳೆಯುತ್ತಿದ್ದ ಹೆಂಗಸು. ಒಂದು ಚಪ್ಪಲಿಯ ಪಟ್ಟಿ ಕಿತ್ತು ಅದಕ್ಕೆ ಬಿಳಿ ಟೇಪು ಸುತ್ತಿತ್ತು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡಬೇಕಲ್ಲ ಎಂದು ಇಸ್ತ್ರಿಯಕ್ಕನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.

ಹೊರಗಿನ ಮೆಟ್ಟಿಲಲ್ಲಿ ಆಗತಾನೆ ಸೂಜಿ ತೆಗೆಸಿಕೊಂಡು ಬಂದ ಬಸ್ ಡ್ರೈವರೊಬ್ಬ ಕೂತಿದ್ದ. ಇವಳು ಯಾರೆಂದು ತಿಳಿಯದೆ ಮಾತಿಗಿಳಿದ. "ಹೊಸಬರಾ? ಹೆದರ್ಕೋಬೇಡಿ. ಸೊಳ್ಳೆ ಕಚ್ಚಿದಷ್ಟೂ ನೋಯಲ್ಲ. ಆಮೇಲೆ ಚಹಾ ಕೊಡ್ತಾರೆ, ಮನಸ್ಸಿದ್ರೆ ಮಾತಾಡ್ಬಹುದು. ಆ ಕಿಟಕಿ ಹತ್ರ ಕೂತಿದ್ದಾರಲ್ಲ, ಕಟಿಂಗ್ ಮಾಡೋರು, ಮೊನ್ನೆ ನಮ್ಮನ್ನೆಲ್ಲ ಅಳಿಸಿಬಿಟ್ರು. ದಿನಾ ಬೆಳಿಗ್ಗೆ ಶಟರ್ ಎತ್ತೋಕೆ ಮುಂಚೆ, ಒಳಗೆ ಕತ್ತಲಲ್ಲಿ ನಿಂತು, ತಮ್ಮ ಕೈ ತಾವೇ ನೋಡ್ಕೊಂಡು ಅಳ್ತಿದ್ರಂತೆ."

ಇಸ್ತ್ರಿಯಕ್ಕ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಅಂಗಡಿ ಮನೆಯಿಂದ ಕೂಗಳತೆ. ಅಲ್ಲಿ ಅವನು ಅಳುತ್ತಿದ್ದ ಹೊತ್ತಿನಲ್ಲಿ ತಾನು ಇಲ್ಲಿ ಅವನಿಗೆ ಶಾಪ ಹಾಕುತ್ತ ಡಬ್ಬಿ ಕಟ್ಟುತ್ತಿದ್ದಳು. ಅವನ ಕಣ್ಣೀರು ಒಬ್ಬ ಬಸ್ ಡ್ರೈವರಿಗೆ ಗೊತ್ತು, ಸೂಜಿಯಮ್ಮನಿಗೆ ಗೊತ್ತು, ಕಟ್ಟಿಕೊಂಡವಳಿಗೆ ಗೊತ್ತಿಲ್ಲ.

ಆ ಭಾನುವಾರ ಅವಳು ಮಾಡಿದ ಕೆಲಸವನ್ನು ಮಾಡಬಾರದಿತ್ತು. ಅವನು ಕುಡಿಯುತ್ತಿದ್ದ ಜಾತಿಯದೇ ಒಂದು ಬಾಟಲಿ ಕೊಂಡು ತಂದಳು. ಚಪ್ಪಲಿ ಗೂಡಿನಲ್ಲಿ, ಹಳೆಯ ಬೂಟುಗಳ ಹಿಂದೆ ಇಟ್ಟಳು. ಅವನು ಕುಡಿದು ಹಾಳಾಗಲಿ ಎಂದಲ್ಲ. ಆ ಸೂಜಿ ಎಷ್ಟು ಗಟ್ಟಿ, ನೋಡೇಬಿಡೋಣ ಎಂದು. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಅವನು ಬೂಟು ಪಾಲಿಶ್ ಮಾಡಲು ಕೂತಾಗ ಅವಳು ಅಡುಗೆಮನೆಯಲ್ಲಿ ಮೈಯೆಲ್ಲ ಕಿವಿಯಾಗಿ ನಿಂತಿದ್ದಳು. ಬ್ರಶ್ಶಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಬಾಗಿಲಿಗೆ ಬಂದ. ಕೈಯಲ್ಲಿ ಬಾಟಲಿ, ಮುಖ ಸುಣ್ಣ.

"ಇದನ್ನ ಯಾವಾಗ ಬಚ್ಚಿಟ್ಟಿದ್ನೋ ನಂಗೆ ನೆನಪೇ ಇಲ್ಲ ಕಣೆ."

ಇಂಥ ಮಾತು ಬರುತ್ತದೆಂದು ಅವಳು ಎಣಿಸಿಯೇ ಇರಲಿಲ್ಲ.

"ಇನ್ನೂ ಎಲ್ಲೆಲ್ಲಿ ಇಟ್ಟಿದ್ದೀನೋ. ಬಾ, ಹುಡುಕೋಣ."

ಇಬ್ಬರೂ ಹುಡುಕಿದರು. ಹಾಸಿಗೆ ಎತ್ತಿದರು, ಅಟ್ಟದ ಸಾಮಾನು ಇಳಿಸಿದರು, ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ಇಲ್ಲದ ಬಾಟಲಿಗಳನ್ನು ಅವಳೂ ಬಗ್ಗಿ ಬಗ್ಗಿ ಹುಡುಕಿದಳು. ನಾನೇ ಇಟ್ಟದ್ದು ಎಂಬ ಮಾತು ಗಂಟಲವರೆಗೆ ಬಂದು ಬಂದು ಇಳಿಯಿತು. ಅವನ ಕೈ ಮತ್ತೆ ನಡುಗತೊಡಗಿತ್ತು. "ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ನಾಳೆ ಬೆಳಿಗ್ಗೆನೇ ಅವ್ರ ಹತ್ರ ಹೋಗ್ಬರ್ತೀನಿ" ಎಂದು ಬಾಟಲಿಯನ್ನು ಮೋರಿಗೆ ಸುರಿದ. ಅಷ್ಟು ಪಶ್ಚಾತ್ತಾಪದ ನಡುವೆಯೂ 'ಅವ್ರ ಹತ್ರ' ಎಂಬ ಮಾತು ಅವಳಿಗೆ ಚುರ್ ಎಂದಿತು.

ಮಾರನೆಯ ದಿನ ಉರುಳೆಯ ಮುಂದೆ ಅವಳ ಭುಜ ಹಿಡಿದುಕೊಂಡಿತು. ಎತ್ತಿದ ಕೈ ಇಳಿಯಲೊಲ್ಲದು. ಮೇಲ್ವಿಚಾರಕ ಆಸ್ಪತ್ರೆಗೆ ಕಳಿಸಿದ, ಆಸ್ಪತ್ರೆಯವರು ನೋಡಿ, ಮೂಳೆಗೇನೂ ಆಗಿಲ್ಲ, ನೋವಿಗೆ ಹಿಂಭಾಗದ ಕೋಣೆಗೆ ಹೋಗಿ ಎಂದರು. ಬೇರೆ ದಾರಿಯಿರಲಿಲ್ಲ. ಹೋದಳು. ಗಂಡ ಬೆಳಿಗ್ಗೆಯೇ ಬಂದು ಹೋಗಿದ್ದ.

ಸೂಜಿಯಮ್ಮ ಅವಳನ್ನು ಪರದೆಯ ಹಿಂದಿನ ಮಂಚದಲ್ಲಿ ಬೋರಲು ಮಲಗಿಸಿ, ಹೆಬ್ಬೆರಳಿನಿಂದ ಭುಜದ ಗಂಟುಗಳನ್ನು ಒತ್ತಿ ನೋಡಿ, ಒಂದೊಂದಾಗಿ ಸೂಜಿ ಇಳಿಸಿದಳು. ಮುಂಗೈಗೆ ಒಂದು, ಕಿವಿಗೂ ಕೆಲವು. ನೋಯಲಿಲ್ಲ. ಒಳಗೆಲ್ಲೋ ಭಾರವಾಗಿ, ಬೆಚ್ಚಗೆ ಜುಮ್ಮೆಂದಿತು. ಕಲ್ಲಾಗಿದ್ದ ಭುಜ ಮೆಲ್ಲನೆ ಸಡಿಲಾಯಿತು. ಓಹೋ, ಅವನಿಗೆ ಇದಾ ಆದದ್ದು ಎನ್ನಿಸಿತು. ಯಾಕೋ ಅಳು ಒತ್ತರಿಸಿ ಬಂತು.

"ಅಲ್ಲಾಡ್ಬೇಡಿ. ಅಳೋದಾದ್ರೆ ಅಲ್ಲಾಡದೆ ಅಳಿ" ಎಂದಳು ಸೂಜಿಯಮ್ಮ.

"ನಾನು ಕಟಿಂಗ್ ಅಂಗಡಿಯವ್ರ ಹೆಂಡ್ತಿ" ಎಂದಳು ಇವಳು ದಿಂಬಿಗೆ ಮುಖ ಹುದುಗಿಸಿಕೊಂಡೇ. "ಆ ಬಾಟ್ಲಿ ಇಟ್ಟಿದ್ದು ನಾನೇ."

ಸೂಜಿಯಮ್ಮ ಒಂದು ಸೂಜಿ ಕಿತ್ತಳು.

"ಯಾಕೆ?"

"ನಿಮ್ಮ ಮೇಲಿನ ಹೊಟ್ಟೆಕಿಚ್ಚಿಗೆ. ನಾನಿಷ್ಟು ವರ್ಷ ಜೀವ ತೇಯ್ದೆ. ನೀವು ಬಂದು ನಾಲ್ಕು ಸೂಜಿ ಚುಚ್ಚಿದ್ರಿ."

ಸೂಜಿಯಮ್ಮನಿಗೆ ಸಿಟ್ಟು ಬಂದಿತ್ತು. ಸೂಜಿಗಳನ್ನು ತೆಗೆಯುವ ರೀತಿಯಲ್ಲೇ ತಿಳಿಯುತ್ತಿತ್ತು. "ಬೆಳಿಗ್ಗೆ ಇಲ್ಲಿ ಕೂತು ಆ ಮನುಷ್ಯ ಹೇಗೆ ನಡುಗ್ತಿದ್ರು ಗೊತ್ತಾ? ನಂಗೆ ಹುಚ್ಚು ಹಿಡೀತಿದೆಯಾ ಅಂತ ಕೇಳಿದ್ರು. ನನ್ನ ಸೂಜಿ ಯಾರ ಕುಡಿತಾನೂ ಬಿಡಿಸಲ್ಲಮ್ಮ. ಸ್ವಲ್ಪ ಹೊತ್ತು ಚಡಪಡಿಸದೆ ಕೂರೋ ಹಾಗೆ ಮಾಡುತ್ತೆ. ಬಿಟ್ಟಿದ್ದು ಅವ್ರು. ಹೋಗಿ, ಅವ್ರಿಗೆ ನಿಜ ಹೇಳಿ."

"ನೀವೇ ಹೇಳ್ಬಿಡಿ. ನಿಮ್ಮ ಮಾತಂದ್ರೆ ಕೇಳ್ತಾರೆ."

"ಅದಕ್ಕೇ ತಾನೆ ನಿಮಗೆ ಹೊಟ್ಟೆಕಿಚ್ಚು? ಈಗ ನನ್ನ ಕೈಲೇ ಹೇಳಿಸ್ತೀರಾ?"

ಇಸ್ತ್ರಿಯಕ್ಕ ಎದ್ದು ನೇರ ಅಂಗಡಿಗೆ ಹೋದಳು. ಅವನು ಒಬ್ಬರ ತಲೆಗೂದಲು ಕತ್ತರಿಸುತ್ತಿದ್ದ. ಖಾಲಿಯಿದ್ದ ಇನ್ನೊಂದು ಕುರ್ಚಿಯಲ್ಲಿ ಕೂತು ಕಾದಳು. ಗಿರಾಕಿ ಹೋದ ಮೇಲೆ, ಅವನ ಮುಖ ನೋಡಲಾರದೆ, ಕನ್ನಡಿಯಲ್ಲಿದ್ದ ಅವನಿಗೆ ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ನಾನಲ್ವಾ?" ಎಂದ ಅವನು. ದೊಡ್ಡ ಭಾರ ಇಳಿದವನಂತೆ ಉಸಿರುಬಿಟ್ಟ. ಸಿಟ್ಟು ಆಮೇಲೆ ಬಂತು. ಕತ್ತರಿಯನ್ನು ಮೇಜಿನ ಮೇಲಿಟ್ಟು, "ಮನೆಗೆ ಹೋಗು" ಎಂದ. ಅಷ್ಟೇ.

ಆಮೇಲೆ ಬಹಳ ದಿನ ಮನೆಯಲ್ಲಿ ಮಾತಿಲ್ಲ. ಹಾಕಿದ್ದನ್ನು ಉಂಡು ಏಳುವನು, ಹೊರಕೋಣೆಯಲ್ಲಿ ಮಲಗುವನು. ಅವನು ಅಂಗಡಿಯಿಂದ ಬರುವಾಗ ಅವಳು ಹಳೆಯ ಅಭ್ಯಾಸದಂತೆ ಮೂಗರಳಿಸುವಳು. ಸೋಪಿನ ವಾಸನೆಯಲ್ಲದೆ ಬೇರೇನಿಲ್ಲ. ತಾನು ಮಾತು ಬಿಟ್ಟ ದಿನಗಳೆಲ್ಲ ಅವನಿಗೆ ಹೇಗಿದ್ದಿರಬೇಕೆಂದು ಈಗ ತಿಳಿಯಿತು. ಕೊನೆಗೆ ಒಂದು ಸಂಜೆ ತಟ್ಟೆಯ ಮುಂದೆ ಅವಳೇ ಕೇಳಿದಳು. "ಶಟರ್ ಹಿಂದೆ ನಿಂತು ಅಳ್ತಿದ್ರಂತೆ. ನಂಗ್ಯಾಕೆ ಹೇಳ್ಲಿಲ್ಲ?"

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ನಿನ್ನ ಮುಂದೆ ಅತ್ರೆ ನೀನೂ ಅಳ್ತಿದ್ದೆ. ಅದನ್ನ ನೋಡೋಕಾಗ್ದೆ ಮತ್ತೆ ಕುಡೀತಿದ್ದೆ. ಅವ್ರು ಅಳಲ್ಲ ಕಣೆ. ಮೂಗು ಒರೆಸ್ಕೊಂಡು ಮುಂದಿನವ್ರಿಗೆ ಚುಚ್ಚೋಕೆ ಹೋಗ್ತಾರೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಳಲಿಲ್ಲ. "ಸರಿ, ನಾನೂ ಅಳಲ್ಲ. ಹೇಳಿ" ಎಂದಳು. ಅವನು ಹೇಳಿದ. ಪಾತ್ರೆಯಲ್ಲಿ ಸಾರು ತಣ್ಣಗಾಗುವವರೆಗೆ ಹೇಳಿದ.

ಇಸ್ತ್ರಿಯಕ್ಕ ಈಗಲೂ ಭುಜಕ್ಕೆ ಸೂಜಿ ಹಾಕಿಸಿಕೊಳ್ಳುತ್ತಾಳೆ. ಕೈ ತಲೆಯವರೆಗೆ ಏಳುತ್ತದೆ. ಸೂಜಿಯಮ್ಮನನ್ನು ಕಂಡರೆ ಇಷ್ಟವೆಂದು ಮಾತ್ರ ಹೇಳುವ ಹಾಗಿಲ್ಲ. ಗಂಡನನ್ನು ಆಕೆ ಹೊಗಳಿದರೆ ಇವಳ ಮುಖ ಗಂಟಾಗುತ್ತದೆ. ಮಾರನೆಯ ವರ್ಷ ಅವನು ಒಮ್ಮೆ ಜಾರಿದ. ಹಳೆಯ ಗೆಳೆಯನೊಬ್ಬನ ಸಾವಿಗೆ ಹೋದವನು ಕುಡಿದು ಬಂದ. ಬಂದವನೇ ಅಡುಗೆಮನೆಗೆ ಬಂದು, "ಕುಡಿದ್ಬಿಟ್ಟೆ. ನಾಳೆ ಆಸ್ಪತ್ರೆಗೆ ಹೋಗ್ಬೇಕು, ಜೊತೆಗೆ ಬರ್ತೀಯಾ?" ಎಂದ.

ಮರುದಿನ ಇವಳು ರಜೆ ಹೇಳಲು ಲಾಂಡ್ರಿಗೆ ಹೋದಾಗ ಮುಖದಲ್ಲಿ ಕಳೆ ಕುಣಿಯುತ್ತಿತ್ತು. ಏನು ಸಮಾಚಾರ ಎಂದು ಜೊತೆಯವಳು ಕೇಳಿದಳು.

"ಇವ್ರು ಮತ್ತೆ ಕುಡಿದ್ರು" ಎಂದಳು ಇಸ್ತ್ರಿಯಕ್ಕ. "ಮೊದ್ಲು ನಂಗೇ ಹೇಳಿದ್ರು! ಅವ್ಳಿಗಿನ್ನೂ ಗೊತ್ತೇ ಇಲ್ಲ."